ಹೊಲಗಾಲುವೆಯಲ್ಲಿ ಹರಿಯುವ ನೀರನ್ನು ಅಳೆಯುವುದು ಹೇಗೆ?

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯನ್ನು ನೆಚ್ಚಿಕೊಂಡ ಯಾದಗಿರಿ ಜಿಲ್ಲೆಯ ರೈತರಲ್ಲಿ, ಕಾಲುವೆಯ ಕೊನೆಯ ಭಾಗದಲ್ಲಿ ಹೊಲವಿರುವವರ ದೂರು ಹಳೆಯದು: ಮೇಲಿನವರಿಗೆ ಸಿಕ್ಕಷ್ಟು ನೀರು ತಮಗೆ ತಲುಪುವುದಿಲ್ಲ. ‘ನೀರು ಕಡಿಮೆ ಬರುತ್ತಿದೆ’ ಎನ್ನುವುದಕ್ಕಿಂತ ‘ಇಷ್ಟು ಕ್ಯೂಸೆಕ್ ಬರುತ್ತಿದೆ’ ಎನ್ನುವ ಮಾತಿಗೆ ತೂಕ ಹೆಚ್ಚು. ಅಳತೆಯ ಟೇಪು, ಒಂದು ಕೋಲು, ಮೊಬೈಲ್ ಫೋನ್ ಮತ್ತು ನಾಲ್ಕೈದು ಕಿತ್ತಳೆ ಹಣ್ಣುಗಳಿದ್ದರೆ ಆ ಲೆಕ್ಕವನ್ನು ರೈತರೇ ಮಾಡಿಕೊಳ್ಳಬಹುದು.

ಪ್ರಯೋಗಾಲಯಗಳಲ್ಲಿ ಅತಿ ಸಣ್ಣ ಕಣಗಳನ್ನು ನೀರಿಗೆ ಬೆರೆಸಿ, ಲೇಸರ್ ಬೆಳಕು ಹಾಯಿಸಿ, ಕ್ಯಾಮೆರಾ ತೆಗೆದ ಸಾಲುಚಿತ್ರಗಳಲ್ಲಿ ಒಂದೊಂದೇ ಕಣದ ಜಾಡು ಹಿಡಿದು ಹರಿವಿನ ವೇಗವನ್ನು ಕಂಡುಕೊಳ್ಳುತ್ತಾರೆ. ಕಾಲುವೆಯಲ್ಲಿ ಆ ಕಣದ ಕೆಲಸವನ್ನು ಕಿತ್ತಳೆ ಮಾಡುತ್ತದೆ. ಕಣವು ನೀರಿನ ಓಟವನ್ನು ಬಿಟ್ಟು ಬೇರೆ ಯಾವುದಕ್ಕೂ ಮಣಿಯಬಾರದು ಎಂಬುದೇ ಇಲ್ಲಿನ ಮುಖ್ಯ ನಿಯಮ. ಒಣ ಎಲೆಯನ್ನು ಬಿಟ್ಟರೆ ಅದು ನೀರಿನ ಮೇಲೆಯೇ ನಿಂತು, ಬೀಸಿದ ಗಾಳಿಗೆ ದಂಡೆಯ ಕಡೆ ಸರಿದುಬಿಡುತ್ತದೆ. ಕಿತ್ತಳೆಯ ಬಹುಪಾಲು ನೀರಿನೊಳಗೇ ಮುಳುಗಿರುವುದರಿಂದ ಅದಕ್ಕೆ ಗಾಳಿಯ ಹೊಡೆತ ಕಡಿಮೆ.

ಮೊದಲು ತಿರುವು, ಹುಲ್ಲು, ಹೂಳು ಇಲ್ಲದ ಸುಮಾರು 20 ಮೀಟರ್ ನೇರ ಭಾಗವನ್ನು ಆರಿಸಿ, ಎರಡೂ ತುದಿಗೆ ಅಡ್ಡಲಾಗಿ ಹಗ್ಗ ಕಟ್ಟಿರಿ. ಮೊದಲ ಹಗ್ಗಕ್ಕಿಂತ ಸ್ವಲ್ಪ ಮೇಲೆಯೇ ಹಣ್ಣನ್ನು ಬಿಟ್ಟರೆ, ಹಗ್ಗ ತಲುಪುವಷ್ಟರಲ್ಲಿ ಅದು ನೀರಿನ ವೇಗಕ್ಕೆ ಹೊಂದಿಕೊಂಡಿರುತ್ತದೆ. ಎರಡು ಹಗ್ಗಗಳ ನಡುವೆ ಸಾಗಲು ಹಿಡಿದ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ನೋಡಿ ಬರೆದುಕೊಳ್ಳಿ. ನಡುವೆ ನೀರು ಜೋರಾಗಿಯೂ ದಂಡೆಯ ಬಳಿ ನಿಧಾನವಾಗಿಯೂ ಹರಿಯುವುದರಿಂದ, ಬೇರೆ ಬೇರೆ ಜಾಗದಲ್ಲಿ ಕನಿಷ್ಠ ಐದು ಸಲ ಬಿಟ್ಟು ಸರಾಸರಿ ತೆಗೆಯಬೇಕು; ದಂಡೆಗೆ ತಗುಲಿ ನಿಂತ ಹಣ್ಣಿನ ಸಮಯವನ್ನು ಲೆಕ್ಕಕ್ಕೆ ಹಿಡಿಯಬಾರದು.

ಸಿಮೆಂಟ್ ಹಾಕಿದ ಕಾಲುವೆಯೊಂದರಲ್ಲಿ ನೀರಿನ ಮೇಲ್ಮೈ ಅಗಲ 1.6 ಮೀಟರ್, ತಳದ ಅಗಲ 0.8 ಮೀಟರ್, ಆಳ 0.4 ಮೀಟರ್ ಇದೆ ಎಂದುಕೊಳ್ಳೋಣ. ಸರಾಸರಿ ಅಗಲವಾದ 1.2 ಮೀಟರನ್ನು ಆಳದಿಂದ ಗುಣಿಸಿದರೆ ಹರಿವಿನ ಅಡ್ಡಕೊಯ್ತದ ವಿಸ್ತೀರ್ಣ 0.48 ಚದರ ಮೀಟರ್. ಹಣ್ಣು 20 ಮೀಟರ್ ಸಾಗಲು 50 ಸೆಕೆಂಡ್ ತೆಗೆದುಕೊಂಡರೆ ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್. ತಳದ ನೀರು ಇದಕ್ಕಿಂತ ನಿಧಾನವಾಗಿ ಹರಿಯುವುದರಿಂದ 0.85ರಿಂದ ಗುಣಿಸಿ 0.34 ಎಂದು ಹಿಡಿಯಬೇಕು. ಈ ಹೆಜ್ಜೆಯನ್ನು ಬಿಟ್ಟವರಿಗೆ ನೀರು ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆಳವಿಲ್ಲದ ಮಣ್ಣಿನ ಕಾಲುವೆಗೆ ಇನ್ನೂ ಕಡಿಮೆ ಗುಣಾಂಕ ಬೇಕು. 0.48ನ್ನು 0.34ರಿಂದ ಗುಣಿಸಿದರೆ ಸೆಕೆಂಡಿಗೆ 0.163 ಘನ ಮೀಟರ್, ಅಂದರೆ ಸುಮಾರು 163 ಲೀಟರ್ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, ಆದ್ದರಿಂದ ಇದು ಸುಮಾರು 5.8 ಕ್ಯೂಸೆಕ್.

ದೊಡ್ಡ ಕಾಲುವೆಗೆ ಯಾರೂ ಇಳಿಯಬಾರದು. ಈ ಕ್ರಮ ಹೊಲಗಾಲುವೆಗೆ ಮಾತ್ರ.

ಒಂದೇ ಅಳತೆಯಿಂದ ವಾದ ನಿಲ್ಲುವುದಿಲ್ಲ. ವಾರಾಬಂದಿಯ (ಸರದಿಯಂತೆ ನೀರು ಬಿಡುವ ಪದ್ಧತಿಯ) ಒಂದೇ ದಿನ, ತೂಬಿನ ಹತ್ತಿರ ಒಮ್ಮೆ, ಕೊನೆಯ ಹೊಲದ ಬಳಿ ಒಮ್ಮೆ ಅಳೆದು, ನಡುವೆ ಹೊಲಗಳಿಗೆ ತಿರುಗಿಸಿದ ನೀರನ್ನು ಕಳೆಯಿರಿ. ಆಮೇಲೂ ಉಳಿಯುವ ವ್ಯತ್ಯಾಸವೇ ಇಂಗಿದ, ಸೋರಿದ ಅಥವಾ ಲೆಕ್ಕಕ್ಕೆ ಸಿಗದಂತೆ ಎತ್ತಿಕೊಂಡ ನೀರು. ಗಂಟೆ, ದಿನಾಂಕ ಮತ್ತು ಅಳತೆಗಳನ್ನು ಬರೆದ ಹಾಳೆಗೆ ಆಗ ಅಲ್ಲಿದ್ದ ಮೇಲಿನ ಹೊಲದವರ ಸಹಿಯನ್ನೂ ಹಾಕಿಸಿಕೊಳ್ಳಿ.