ಬಿಳಿತಲೆ ಹದ್ದು ಅಳಿವಿನಂಚಿನಲ್ಲಿದೆಯೇ? ನೀವೇ ಪರಿಶೀಲಿಸುವ ಕ್ರಮ

ಅಮೆರಿಕದ ಬಿಳಿತಲೆ ಹದ್ದು, ಅಂದರೆ ಬಾಲ್ಡ್ ಈಗಲ್, ಈಗ ಅಳಿವಿನಂಚಿನ ಪಕ್ಷಿಯಲ್ಲ. ಒಂದು ಕಾಲಕ್ಕೆ ಆಗಿತ್ತು. ಯಾವುದೇ ಹಕ್ಕಿಯ ಬಗ್ಗೆ ಈ ಪ್ರಶ್ನೆ ಬಂದರೂ ಯಾವ ಪಟ್ಟಿ, ಯಾವ ಪ್ರದೇಶ, ಯಾವ ವರ್ಷ ಎಂದು ಕೇಳದೆ ಉತ್ತರ ಬರೆಯಬೇಡಿ.

ಮೊದಲು ಹಕ್ಕಿ ಯಾವುದೆಂದು ಖಚಿತಪಡಿಸಿಕೊಳ್ಳಿ. ತುಂಗಭದ್ರಾ (ಟಿಬಿ) ಡ್ಯಾಂ ಹಿನ್ನೀರಿನ ಮೇಲೆ ಸುತ್ತುವ ಬಿಳಿ ತಲೆಯ ಹಕ್ಕಿ ನಮ್ಮ ಗರುಡ. ಅದರ ಎದೆಯೂ ಬಿಳಿ, ಬೆನ್ನು ಮತ್ತು ಬಾಲ ಇಟ್ಟಿಗೆಗೆಂಪು, ಉದ್ದ ಸುಮಾರು ಅರ್ಧ ಮೀಟರ್. ಬಾಲ್ಡ್ ಈಗಲ್‌ಗೆ ತಲೆ ಮತ್ತು ಬಾಲ ಬಿಳಿ, ಎದೆ ಕಡುಗಂದು, ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಆಸುಪಾಸು. ಅದರ ನೆಲೆ ಉತ್ತರ ಅಮೆರಿಕ ಮಾತ್ರ. ಹೆಸರು ಬೆರೆತುಹೋಗದಂತೆ ವೈಜ್ಞಾನಿಕ ಹೆಸರಿನಿಂದಲೇ ಹುಡುಕಿ: ಹ್ಯಾಲಿಯೀಟಸ್ ಲ್ಯುಕೊಸೆಫಾಲಸ್.

ನಂತರ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿ ತೆರೆದು ವರ್ಗ, ಮೌಲ್ಯಮಾಪನದ ವರ್ಷ, ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಮೂರನ್ನೂ ಬರೆದುಕೊಳ್ಳಿ. ಬಾಲ್ಡ್ ಈಗಲ್ ಅಲ್ಲಿ 'ಲೀಸ್ಟ್ ಕನ್ಸರ್ನ್' (ಆತಂಕ ಅತಿ ಕಡಿಮೆ), ಸಂಖ್ಯೆ ಏರಿಕೆಯಲ್ಲಿದೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಆ ಅವಧಿಯಲ್ಲಿ ಸಂಖ್ಯೆ ಶೇ 30 ಕುಸಿದರೆ 'ವಲ್ನರಬಲ್' (ಅಪಾಯಕ್ಕೆ ಈಡಾಗಬಲ್ಲದ್ದು), ಶೇ 50 ಕುಸಿದರೆ 'ಎಂಡೇಂಜರ್ಡ್' (ಅಪಾಯದಲ್ಲಿರುವುದು), ಶೇ 80 ಕುಸಿದರೆ 'ಕ್ರಿಟಿಕಲಿ ಎಂಡೇಂಜರ್ಡ್' (ತೀವ್ರ ಅಪಾಯದಲ್ಲಿರುವುದು) ಎಂಬುದು ಅಲ್ಲಿನ ಅಳತೆಗೋಲುಗಳಲ್ಲಿ ಒಂದು. ಈ ಮೂರನ್ನೂ 'ಅಳಿವಿನಂಚು' ಎಂದು ಒಂದೇ ಮಾತಿನಲ್ಲಿ ಬರೆದುಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಆಯಾ ದೇಶದ ಕಾನೂನಿನ ಪಟ್ಟಿ ಬೇರೆ. ಅಮೆರಿಕದಲ್ಲಿ ಡಿಡಿಟಿ ಎಂಬ ಕೀಟನಾಶಕ ಮೀನಿನ ಮೂಲಕ ಹದ್ದಿನ ಮೈಸೇರಿ ಮೊಟ್ಟೆಯ ಚಿಪ್ಪು ತೆಳುವಾಯಿತು, ಕಾವಿಗೆ ಕೂತಾಗಲೇ ಒಡೆಯತೊಡಗಿತು. 1963ರಲ್ಲಿ ಅಲಾಸ್ಕ ಬಿಟ್ಟು ಅಮೆರಿಕದ ಮುಖ್ಯ ಭೂಭಾಗದಲ್ಲಿ ಉಳಿದದ್ದು 417 ಗೂಡುಕಟ್ಟುವ ಜೋಡಿ. 1967ರಲ್ಲಿ ಹಕ್ಕಿಯನ್ನು ಅಲ್ಲಿನ ಕಾನೂನಿನ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು, 1972ರಲ್ಲಿ ಡಿಡಿಟಿ ನಿಷೇಧವಾಯಿತು, 1995ರಲ್ಲಿ ಹಕ್ಕಿ ಒಂದು ಮೆಟ್ಟಿಲು ಕೆಳಗಿನ ವರ್ಗಕ್ಕೆ ಇಳಿಯಿತು, 2007ರಲ್ಲಿ ಪಟ್ಟಿಯಿಂದ ಹೊರಬಂತು. ಹಳೆಯ ಪುಸ್ತಕಗಳು ತಪ್ಪು ಹೇಳುವುದು ಇದೇ ಕಾರಣಕ್ಕೆ. ಆದರೆ ರಕ್ಷಣೆ ಹೋಗಿಲ್ಲ: 1940ರ ಪ್ರತ್ಯೇಕ ಕಾಯ್ದೆಯಂತೆ ಉದುರಿದ ಗರಿಯನ್ನೂ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲೂ ಕಾನೂನಿನ ಪಟ್ಟಿ ಬೇರೆ, ಕೆಂಪು ಪಟ್ಟಿ ಬೇರೆ. ನವಿಲು 1972ರ ವನ್ಯಜೀವಿ ಕಾಯ್ದೆಯಲ್ಲಿ ಹೆಚ್ಚಿನ ರಕ್ಷಣೆ ಕೊಡುವ ಒಂದನೇ ಅನುಸೂಚಿಯಲ್ಲಿದೆ, ಕೆಂಪು ಪಟ್ಟಿಯಲ್ಲಿ ಮಾತ್ರ 'ಲೀಸ್ಟ್ ಕನ್ಸರ್ನ್'. ಅನುಸೂಚಿ ನೋಡಿ ಅಳಿವಿನಂಚು ಎಂದು ತೀರ್ಮಾನಿಸಬೇಡಿ.

ಇದೇ ಕ್ರಮವನ್ನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂತಕ್ಕೆ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ, ಹಾಕಿ ನೋಡಿ. ವೈಜ್ಞಾನಿಕ ಹೆಸರು ಆರ್ಡಿಯೋಟಿಸ್ ನೈಗ್ರಿಸೆಪ್ಸ್. ಕೆಂಪು ಪಟ್ಟಿಯಲ್ಲಿ 2011ರಿಂದ 'ಕ್ರಿಟಿಕಲಿ ಎಂಡೇಂಜರ್ಡ್'. ಒಂದನೇ ಅನುಸೂಚಿಯಲ್ಲೂ ಇದೆ. ಹದ್ದಿನಷ್ಟು ಸುಲಭವಾಗಿ ಇದು ಚೇತರಿಸಿಕೊಳ್ಳುವುದಿಲ್ಲ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ನಾಯಿ, ನರಿ, ಕಾಗೆಗಳಿಂದ ಅದು ಉಳಿಯಬೇಕು. ಭಾರದ ಹಕ್ಕಿ, ಎದುರಿನ ನೋಟ ಕಿರಿದು. ಹೈಟೆನ್ಷನ್ ತಂತಿ ಹತ್ತಿರ ಬಂದಾಗ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೇಲಾಗಿ ಎರೆ ಹೊಲಗಳಿಗೆ ಕಾಲುವೆ ನೀರು ಬಂದು ಭತ್ತ ಬೆಳೆದಂತೆ ಅದಕ್ಕೆ ಬೇಕಾದ ಒಣ ಹುಲ್ಲುಗಾವಲು ಕರಗುತ್ತದೆ. ಒಂದೇ ವಿಷಕ್ಕೆ ನಿಷೇಧ ಹಾಕಿ ಬಿಡಿಸುವ ಸಮಸ್ಯೆ ಇದಲ್ಲ.

ಹೊಲದಲ್ಲಿ ಎರೆಭೂತ ಕಂಡರೆ ಹತ್ತಿರ ಹೋಗಬೇಡಿ, ಮೊಟ್ಟೆ ಮುಟ್ಟಬೇಡಿ, ನಾಯಿಯನ್ನು ಕಟ್ಟಿಹಾಕಿ. ದೂರದಿಂದ ಫೋಟೋ ತೆಗೆದು ದಿನಾಂಕ, ಸಮಯ, ಹೊಲದ ಗುರುತು ಬರೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಜಾಗದ ಲೊಕೇಶನ್ ಮಾತ್ರ ವಾಟ್ಸಾಪ್‌ ಗುಂಪುಗಳಿಗೆ ಹಾಕಬೇಡಿ.