ಸೀಜ್ ಆದ ಕಾರು ಹರಾಜಿನಲ್ಲಿ ತಗೊಳ್ಳೋದು ಹೇಗೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು ಇದೆ. ವೈರಿಂಗ್ ಕೆಲಸ. "ಅಣ್ಣ, ಕಂತು ಕಟ್ಟದೆ ಸೀಜ್ ಆದ ಕಾರು ಹರಾಜಲ್ಲಿ ಕಡಿಮೆಗೆ ಸಿಗುತ್ತಂತೆ, ಹೌದಾ?" ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಹೌದು, ಸಿಗುತ್ತದೆ. ನಾನೇ ಎರಡು ತಗೊಂಡಿದ್ದೇನೆ. ಆದರೆ ಮೊದಲನೆಯದರ ಆರ್‌ಸಿ ನನ್ನ ಹೆಸರಿಗೆ ಬರೋಕೆ ಏಳು ತಿಂಗಳು ಹಿಡಿಯಿತು. ಪೂರ್ತಿ ದುಡ್ಡು ಕಟ್ಟಿದ ಕಾರು ಅಷ್ಟು ದಿನ ಶೆಡ್ಡಿನಲ್ಲೇ ನಿಂತಿತ್ತು. ಅದಕ್ಕೇ ಬಾನೆಟ್ ಎತ್ತುವ ಮುಂಚೆ ಕಾಗದಪತ್ರ ನೋಡಿ ಅನ್ನುತ್ತೇನೆ.

ಗಾಡಿ ನಂಬರ್ ಸಿಕ್ಕ ಕೂಡಲೇ ಸರ್ಕಾರದ ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಹರಾಜು ಹಾಕುತ್ತಿರುವ ಬ್ಯಾಂಕಿನ ಹೆಸರೇ ಸಾಲ ಕೊಟ್ಟವರ ಜಾಗದಲ್ಲಿ ಇರಬೇಕು. ಬ್ಲಾಕ್‌ಲಿಸ್ಟ್ ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಬಾಕಿ ಇರುವ ಟ್ರಾಫಿಕ್ ದಂಡವನ್ನೂ ನೋಡಿ, ಅದು ಕೊನೆಗೆ ನಿಮ್ಮ ತಲೆಗೇ ಬರುತ್ತದೆ.

ಆಮೇಲೆ ಯಾರ್ಡಿನವರಿಗೆ (ಸೀಜ್ ಆದ ಗಾಡಿ ನಿಲ್ಲಿಸಿರುವ ಜಾಗದವರಿಗೆ) ನೇರವಾಗಿ ಕೇಳಿ: ಹಳೇ ಮಾಲೀಕರು ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಕೊಟ್ಟಿದ್ದಾರಾ? ಹಾಕಿದ್ದರೆ ಆರ್‌ಸಿಯಿಂದ ಸಾಲ ತೆಗೆಸೋಕೆ ಬ್ಯಾಂಕು ಕೊಡುವ ಫಾರ್ಮ್ 35 ಜೊತೆ ಸೇರಿಸಿ ಆರ್‌ಟಿಒಗೆ ಕೊಟ್ಟರೆ ಕೆಲಸ ಸಲೀಸು. ಮಾಲೀಕರು ಆರ್‌ಸಿ ಕೊಡದೆ ಕೈಗೆ ಸಿಗದೆ ಹೋಗಿದ್ದರೆ, ಬ್ಯಾಂಕು ಫಾರ್ಮ್ 36 ಹಾಕಿ ಮೊದಲು ತನ್ನ ಹೆಸರಿಗೆ ಹೊಸ ಆರ್‌ಸಿ ಮಾಡಿಸಬೇಕು. ಅದಕ್ಕೆ ಮುಂಚೆ ಆರ್‌ಟಿಒದವರು ಹಳೇ ಮಾಲೀಕರಿಗೆ ನೋಟಿಸ್ ಕಳಿಸಬೇಕು. ನನ್ನ ಏಳು ತಿಂಗಳು ಹೋಗಿದ್ದು ಇಲ್ಲೇ. ಬ್ಯಾಂಕಿನ ಹುಡುಗ "ಮುಂದಿನ ವಾರ ಸರ್" ಅನ್ನುತ್ತಲೇ ಇದ್ದ. ಆರ್‌ಸಿಗೆ ಎಷ್ಟು ದಿನ ಅಂತ ಬರಹದಲ್ಲಿ ತಗೊಳ್ಳಿ, ಈಮೇಲ್ ಆದರೂ ಸರಿ.

ಕೇರಳ, ತಮಿಳುನಾಡಿನ ನಂಬರ್ ಇದ್ದರೆ ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಹಾಗಾಗಿ ಕೆಎ ನಂಬರೇ ಹುಡುಕಿ. ಹಳದಿ ಬೋರ್ಡಿನ ಗಾಡಿ ಮನೆ ಬಳಕೆಗೆ ಬೇಡ.

ಯಾರ್ಡಿನಲ್ಲಿ ಓಡಿಸಿ ನೋಡೋಕೆ ಬಿಡುವುದಿಲ್ಲ, ಸ್ಟಾರ್ಟ್ ಮಾಡೋಕಷ್ಟೇ ಬಿಡುತ್ತಾರೆ. ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಸತ್ತಿರುತ್ತದೆ. ಟಾರ್ಚ್, ಜಂಪರ್ ಕೇಬಲ್, ಪರಿಚಯದ ಮೆಕ್ಯಾನಿಕ್, ಮೂರೂ ಜೊತೆಗಿರಲಿ. ಆಯಿಲ್ ಕ್ಯಾಪ್ ತಿರುಗಿಸಿ ಒಳಗೆ ನೋಡಿ. ಮೊಸರಿನಂಥ ಬಿಳಿ ಜಿಡ್ಡು ಕಂಡರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ಟೈರಿನ ಮೇಲೆ 2319 ಅಂತಿದ್ದರೆ ಅದು 2019ರ 23ನೇ ವಾರದ್ದು, ಮೇಲಿನ ಗುಂಡಿ ಸವೆಯದಿದ್ದರೂ ರಬ್ಬರ್ ಹಳೇದು. ಇಲಿ ಕಡಿದ ವೈರು ನನಗೆ ದಿನದ ಊಟ, ನಿಮಗದು ಖರ್ಚು. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಮೂಸಿ ನೋಡಿ, ಇಲಿ ವಾಸನೆ ಗೊತ್ತಾಗುತ್ತದೆ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಂದು ಸಲ ಥಳಥಳ ಹೊಳೆಯುವ ಕಾರು ನೋಡೋಕೆ ಹೋಗಿದ್ದೆ. ಬೆಲ್ಟ್ ಎಳೆಯುತ್ತಾ ಹೋದರೆ ಮೊದಲ ಎರಡು ಅಡಿ ಕಪ್ಪು, ಆಮೇಲೆ ಕಂದು ಗೆರೆ, ತುದಿಯಲ್ಲಿ ಒಣಗಿದ ಕೆಸರು ಪುಡಿಪುಡಿಯಾಗಿ ಮಡಿಲಿಗೆ ಉದುರಿತು. ನೀರಲ್ಲಿ ಮುಳುಗಿದ ಗಾಡಿ ಅದು. ಎಲ್ಲಾ ತೊಳೆದಿದ್ದರು, ಸುತ್ತಿಕೊಂಡ ಬೆಲ್ಟ್ ಮಾತ್ರ ಮರೆತಿದ್ದರು.

ಎರಡನೇ ಕಾರಿನ ಸೀಟಿನ ಕೆಳಗೆ ಒಂದು ಮಗುವಿನ ಶಾಲೆ ಐಡಿ ಕಾರ್ಡ್, ಒಂದು ಹೇರ್ ಕ್ಲಿಪ್ ಸಿಕ್ಕವು. ಶಾಲೆಗೆ ಪೋಸ್ಟ್ ಮಾಡಿದೆ. ಆ ಮನೆಯವರು ಕಷ್ಟದಲ್ಲಿ ಕಾರು ಕಳಕೊಂಡಿದ್ದಾರೆ ಅಲ್ವಾ. ಅವರ ಸಾಮಾನು ಸಿಕ್ಕರೆ ಕಸಕ್ಕೆ ಹಾಕಬೇಡಿ.

ಈಗ ದುಡ್ಡಿನ ವಿಷಯ. ಮೊದಲು ಇಎಂಡಿ, ಅಂದರೆ ಹರಾಜಿನಲ್ಲಿ ಕೂರೋಕೆ ಮುಂಗಡ ಠೇವಣಿ, ಕಟ್ಟಬೇಕು. ಅದು ಹರಾಜು ಕಂಪನಿಯ ಖಾತೆಗೇ ಹೋಗಲಿ, ಯಾರದೋ ಫೋನ್‌ಪೇ ನಂಬರಿಗೆ ಬೇಡ. ಹೆಚ್ಚು ಕೂಗಿದ ಮಾತ್ರಕ್ಕೆ ಗಾಡಿ ನಿಮ್ಮದಲ್ಲ, ಬ್ಯಾಂಕು ಒಪ್ಪಿಗೆ ಕೊಡಬೇಕು. ಒಪ್ಪಿಗೆ ಬಂದ ಮೇಲೆ ಹಣ ತಡ ಮಾಡಿದರೆ ಇಎಂಡಿ ಹೋಗಬಹುದು, ಗಾಡಿ ಎತ್ತೋದು ತಡವಾದರೆ ಪಾರ್ಕಿಂಗ್ ಬಾಡಿಗೆ ಬೀಳುತ್ತದೆ.

ನನ್ನ 2016ರ ವ್ಯಾಗನ್ ಆರ್ ಲೆಕ್ಕ ಹೇಳುತ್ತೇನೆ. ಬಿಡ್ 2,35,000. ಹರಾಜು ಕಂಪನಿ ಫೀಸ್ 7,000, ಇನ್ಶೂರೆನ್ಸ್ 8,500, ನಾಲ್ಕು ಟೈರ್ 15,000, ಬ್ಯಾಟರಿ 4,500, ಸರ್ವಿಸ್ ಮತ್ತು ಬ್ರೇಕ್ 11,000, ಹಳೇ ದಂಡ 6,500, ಆರ್‌ಟಿಒ ಓಡಾಟ 5,000. ಒಟ್ಟು 2,92,500. ಅಂಥದ್ದೇ ಗಾಡಿ ಆಗ ನಮ್ಮೂರಲ್ಲಿ 3,30,000ಕ್ಕೆ ಮಾರುತ್ತಿತ್ತು. ಉಳಿದದ್ದು 37,500. ಅದಕ್ಕೇ ಹೊರಗಿನ ರೇಟಿನಿಂದ ಹಿಂದಕ್ಕೆ ಲೆಕ್ಕ ಹಾಕಿ, ನಿಮ್ಮ ಕೊನೆ ಬಿಡ್ಡನ್ನು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಳ್ಳಿ. ಎದುರಿನವರು ಸಾವಿರ ಏರಿಸಿದಾಗ ಕೈ ತುರಿಸುತ್ತದೆ. ಚೀಟಿ ತೆಗೆದು ನೋಡಿ, ಅಲ್ಲಿಗೇ ನಿಲ್ಲಿಸಿ.

ಗಾಡಿ ತರೋ ದಿನ ನೀವು ಮೊದಲು ತೆಗೆದ ಫೋಟೋ ಇಟ್ಟುಕೊಂಡು ಸ್ಟೆಪ್ನಿ, ಜಾಕ್, ಸ್ಟೀರಿಯೋ ಎಲ್ಲಾ ಇವೆಯಾ ನೋಡಿ. ಎರಡನೇ ಕೀ ಕೇಳಿ. ರಿಲೀಸ್ ಲೆಟರ್, ದುಡ್ಡು ಕಟ್ಟಿದ ರಸೀದಿ ಕೈಗೆ ಬರಲಿ. ಇನ್ಶೂರೆನ್ಸ್ ಮುಗಿದಿದ್ದರೆ ಒಂದು ಕಿಲೋಮೀಟರೂ ಓಡಿಸಬೇಡಿ, ಟೋಯಿಂಗ್ ಗಾಡಿ ಮೇಲೆ ಹಾಕಿಕೊಂಡು ಬನ್ನಿ.