ಮಾತ್ರೆಯಲ್ಲ, ದಿನ ಎಣಿಸಿದ ಮೇಲೆ ಇಳಿದ ತಲೆನೋವು

ನೋವಿನ ಮಾತ್ರೆ ಬಿಟ್ಟರೆ ತಲೆನೋವು ಇಳಿಯುತ್ತದೆ ಅಂದಾಗ ಮನೆಯಲ್ಲಿ ಒಬ್ಬರೂ ನಂಬಲಿಲ್ಲ. ನನ್ನ ಹಾಗೇ ಮೈಗ್ರೇನ್ ಇರುವ ಗೆಳತಿ, "ಇರೋ ಒಂದು ಆಸರೇನೂ ಬಿಡ್ತೀಯಾ?" ಅಂದಳು. ಬಿಟ್ಟೆ. ತಿಂಗಳಿಗೆ 20 ದಿನ ಕಾಡುತ್ತಿದ್ದದ್ದು ಈಗ ಐದಾರು ದಿನಕ್ಕೆ ಬಂದಿದೆ.

ಯಾವ ನೋವಿಗೆ ಯಾವ ಮಾತ್ರೆ ಅನ್ನೋದು ನಮ್ಮಂಥವರಿಗೆ ಬಾಯಿಪಾಠ. ನಾನು ಎಡವಿದ್ದು ಲೆಕ್ಕದಲ್ಲಿ. ದಿನಕ್ಕೆಷ್ಟು ಮಾತ್ರೆ ಅಂತ ನೋಡುತ್ತಿದ್ದೆ, ತಿಂಗಳಲ್ಲಿ ಎಷ್ಟು ದಿನ ಅಂತ ನೋಡಲಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಆದರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು; ಟ್ರಿಪ್ಟಾನ್ (ಮೈಗ್ರೇನಿಗೆಂದೇ ಇರುವ ಮಾತ್ರೆ), ಕೊಡೀನ್ (ಅಫೀಮಿನ ಜಾತಿಯ ನೋವಿನ ಮದ್ದು), ಇಲ್ಲವೇ ಕೆಫೀನ್ ಬೆರೆಸಿದ ನೋವಿನ ಮಾತ್ರೆಯಾದರೆ 10 ದಿನ ಅಥವಾ ಹೆಚ್ಚು. ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ಎಬ್ಬಿಸಬಹುದು.

ಮಾತ್ರೆ ಬಿಡಲು ಹೋದ ಮೊದಲ ಸಲ ಟ್ರಿಪ್ಟಾನ್ ಬಿಟ್ಟು ಕೆಫೀನ್ ಇರುವುದಕ್ಕೆ ಜಾರಿದೆ. ನೋವೂ ಅಷ್ಟೇ, ಖರ್ಚೂ ಅಷ್ಟೇ. ಅದೇ ವಾರ ಶೀತದ ಮಾತ್ರೆಯನ್ನೂ ನುಂಗುತ್ತಿದ್ದೆ. ಪೊಟ್ಟಣದ ಚೀಟಿ ಓದಿದರೆ ಎರಡರಲ್ಲೂ ಪ್ಯಾರಾಸಿಟಮಾಲ್! ಕೂಡಿಸಿದರೆ ದಿನದ ಮಿತಿಯಾದ 4 ಗ್ರಾಂ ಅಂಚಿಗೆ ಬಂದಿತ್ತು. ಲಿವರ್ ಹಾಳಾಗುವುದು ಮೊದಲಿಗೆ ಗೊತ್ತೇ ಆಗುವುದಿಲ್ಲ, ಅದೇ ಭಯ. ಎರಡನೇ ಸಲ ಐಬುಪ್ರೊಫೆನ್ ಜಾತಿಯದೇ ಆದ ನ್ಯಾಪ್ರಾಕ್ಸೆನ್ ಹಿಡಿದೆ, ಹೊಟ್ಟೆಗೆ ರಕ್ಷಣೆಯ ಮಾತ್ರೆ ತೆಗೆದುಕೊಳ್ಳಲಿಲ್ಲ. ಮಲ ಕಪ್ಪಗಾಯಿತು. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು. ಅದಕ್ಕೆ ಸುರಿದ ದುಡ್ಡಿನಲ್ಲಿ ಎರಡು ವರ್ಷದ ಮಾತ್ರೆ ಬರುತ್ತಿತ್ತು.

ಮೂರನೇ ಸಲ ವೈದ್ಯರ ಜೊತೆ ಕೂತು ಮಾತ್ರೆ ನಿಲ್ಲಿಸುವ ದಿನ ಗೊತ್ತು ಮಾಡಿದೆ. ನೋವು ಬರದಂತೆ ತಡೆಯುವ ಔಷಧ ಮೊದಲೇ ಶುರುವಾಗಿತ್ತು. ಕೊಡೀನ್ ತೆಗೆದುಕೊಳ್ಳುವವರು ಮಾತ್ರ ತಾವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದನ್ನು ಹಂತಹಂತವಾಗಿ ಇಳಿಸಬೇಕು. ನಿಲ್ಲಿಸಿದ ನಾಲ್ಕನೇ ದಿನ ನನಗೆ ವಾಂತಿ, ಕತ್ತಲೆ ಕೋಣೆ, ಅಳು. ಆ ರಾತ್ರಿಗಳನ್ನು ದಾಟಿಸಿದ ಉಪಾಯ ಎರಡಿವೆ, ಅವು ನನ್ನ ಹತ್ತಿರವೇ ಇರಲಿ. ಹನ್ನೊಂದನೆಯದೋ ಹನ್ನೆರಡನೆಯದೋ ಬೆಳಗ್ಗೆ ಎದ್ದಾಗ ತಲೆ ಹಗುರವಾಗಿತ್ತು.

ನಡುವೆ ಮೊಣಕಾಲು ನೋವಿನ ಮೇಲೂ ಒಂದು ಪ್ರಯೋಗ ಮಾಡಿದೆ. ನುಂಗುವ ನೋವಿನ ಮಾತ್ರೆ ಡೈಕ್ಲೋಫೆನಾಕ್ ಬದಲು ಅದರದೇ ಜೆಲ್ ಹಚ್ಚಿದೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಹೊಟ್ಟೆಗೂ ಕಿಡ್ನಿಗೂ ಅಷ್ಟು ಭಾರವಿಲ್ಲ. ಎರಡು ವಾರದಲ್ಲಿ ಮೆಟ್ಟಿಲು ಹತ್ತಿದೆ.

ಮಾತ್ರೆಯ ಮೇಲೆ ನನಗೆ ಕೋಪವಿಲ್ಲ. ಈಗಲೂ ನೋವು ಮೊಳೆಯುವಾಗಲೇ ನುಂಗುತ್ತೇನೆ, ಪೂರ್ತಿ ಡೋಸ್. ಆದರೆ ವಾರಕ್ಕೆ ಎರಡೇ ದಿನ, ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ. ಮೂರು ಮಾತ್ರೆಗೂ ಜಗ್ಗದಿದ್ದ ನೋವು ಈಗ ಒಂದಕ್ಕೇ, ಗಂಟೆಯೊಳಗೆ ಇಳಿಯುತ್ತದೆ.